ಮುಚ್ಚಳಿಕೆ ಬರೆಸಿಕೊಳ್ಳುವ ದಿನವೇ ಗಟ್ಟಿಯಾಗಿ ಬರೆಸಿಕೊಳ್ಳಿ: ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮಾನ್ಯ ಅಧ್ಯಕ್ಷರಿಗೆ, ಹಾಗೂ ಜಿಲ್ಲೆಯ ಸಿವಿಲ್ ಕೋರ್ಟುಗಳಲ್ಲಿ ದಾವೆ ನಡೆಸುವ ವಕೀಲ ಮಹನೀಯರಿಗೆ,

ವಿಷಯ: ಜಾಗದ ತಕರಾರುಗಳಲ್ಲಿ ಕೋರ್ಟಿಗೆ ಕೊಡುವ ಮುಚ್ಚಳಿಕೆ, ಅದರ ಉಲ್ಲಂಘನೆ ಮತ್ತು ನ್ಯಾಯಾಂಗ ನಿಂದನೆಯ ಅರ್ಜಿಗಳು

ಮಾನ್ಯರೇ,

ತಡೆಯಾಜ್ಞೆಯ ಅರ್ಜಿ ವಿಚಾರಣೆಗೆ ಬಂದ ದಿನ ಪ್ರತಿವಾದಿಯ ಕಡೆಯಿಂದ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ: ‘ನಾವು ಆ ಜಾಗಕ್ಕೆ ಏನೂ ಮಾಡುವುದಿಲ್ಲ, ಬೇಕಾದರೆ ಮುಚ್ಚಳಿಕೆ ಕೊಡುತ್ತೇವೆ.’ ಕೋರ್ಟು ಅದನ್ನು ಒಂದು ಸಾಲಿನಲ್ಲಿ ದಾಖಲಿಸಿಕೊಂಡು ಅರ್ಜಿಯನ್ನು ಮುಕ್ತಾಯ ಮಾಡುತ್ತದೆ. ವಾದಿ ಗೆದ್ದೆನೆಂದುಕೊಂಡು ಊರಿನ ಬಸ್ಸು ಹತ್ತುತ್ತಾನೆ. ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ.

ನಾವು ಜಿಲ್ಲೆಯ ಉತ್ತರದ ಊರುಗಳಲ್ಲಿ ಆಧಾರ (ಕ್ರಯ, ದಾನ ಮುಂತಾದ ಜಾಗದ ಪತ್ರ) ಬರೆಯುವವರು ಮತ್ತು ವಕೀಲರ ಕಚೇರಿಗಳಲ್ಲಿ ಗುಮಾಸ್ತರಾಗಿರುವವರು. ಮುಚ್ಚಳಿಕೆಯ ಮೆಮೊ ಟೈಪು ಮಾಡುವವರು ನಾವು. ಅದು ಮುರಿದ ಮೇಲೆ ಫೋಟೋ, ಸ್ಕೆಚ್ಚು, ಪ್ರಮಾಣಪತ್ರ ಎಲ್ಲ ಕೂಡಿಸಿ ಕಡತ ಕಟ್ಟುವವರೂ ನಾವೇ. ನಡೆಯುತ್ತಿರುವ ಯಾವ ದಾವೆಯ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ, ಯಾವ ಪೀಠದ ಮೇಲೂ ದೂರಿಲ್ಲ. ದೂರು ಇರುವುದು ರೂಢಿಯ ಮೇಲೆ.

1971ರ ನ್ಯಾಯಾಲಯ ನಿಂದನೆ ಕಾಯ್ದೆಯ 2(ಬಿ) ಕಲಮಿನ ಪ್ರಕಾರ ಕೋರ್ಟಿನ ತೀರ್ಪು, ಡಿಕ್ರಿ, ಆದೇಶಗಳನ್ನು ಬೇಕೆಂದೇ ಮೀರುವುದು ಸಿವಿಲ್ ನಿಂದನೆ. ಕೋರ್ಟಿಗೆ ಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿಯುವುದೂ ಅದೇ. ಆದರೆ ತನಗೆ ಕೊಟ್ಟ ಮಾತನ್ನು ಮುರಿದವನನ್ನು ಮುನ್ಸಿಫ್ ಕೋರ್ಟು ಈ ಕಾಯ್ದೆಯಡಿ ತಾನೇ ಶಿಕ್ಷಿಸುವಂತಿಲ್ಲ. 10ನೇ ಕಲಮಿನಂತೆ ಆ ಅಧಿಕಾರ ಹೈಕೋರ್ಟಿನದು. ಪೈವಳಿಕೆಯ ಬೇಲಿಯ ಜಗಳಕ್ಕೆ ಹೈಕೋರ್ಟಿರುವ ಎರ್ನಾಕುಳಂಗೆ ಹೋಗಬೇಕು. ಶಿಕ್ಷೆ 12ನೇ ಕಲಮಿನಲ್ಲಿದೆ: ಆರು ತಿಂಗಳವರೆಗೆ ಸಾದಾ ಸಜೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಿವಿಲ್ ನಿಂದನೆಯಾದರೆ ದಂಡವೇ ಮುಂದೆ ಬರುತ್ತದೆ. ಅದರಿಂದ ನ್ಯಾಯ ಸಲ್ಲದು ಎಂದು ಕಂಡಾಗ ಮಾತ್ರ ಸಿವಿಲ್ ಜೈಲು. 2,000 ರೂಪಾಯಿ ಜೆಸಿಬಿಯ ಅರ್ಧ ದಿನದ ಬಾಡಿಗೆಗೂ ಸಾಲದು. ಮುರಿಯಲು ಹೊರಟವನು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡಿರುತ್ತಾನೆ.

ಇಷ್ಟಾದರೂ ಅರ್ಜಿ ಬಿದ್ದುಹೋಗುವುದು ಶಿಕ್ಷೆಯ ಹಂತದಲ್ಲಲ್ಲ, ಅದಕ್ಕೆ ಎಷ್ಟೋ ಮೊದಲು. ನಿಂದನೆಯ ವಿಚಾರಣೆ ಅರೆ ಕ್ರಿಮಿನಲ್ ಸ್ವರೂಪದ್ದು. ಎದುರಾಳಿಗೆ ಷರತ್ತು ಗೊತ್ತಿತ್ತು, ಅದನ್ನು ಪಾಲಿಸಲು ಅವನಿಂದ ಸಾಧ್ಯವಿತ್ತು, ಆದರೂ ಬೇಕೆಂದೇ ಮೀರಿದ ಎಂಬ ಮೂರೂ ಸಾಬೀತಾಗಬೇಕು. ಮುಚ್ಚಳಿಕೆಯ ಮಾತಿಗೆ ಎರಡು ಅರ್ಥ ಹೊಂದುವಂತಿದ್ದರೆ ಲಾಭ ಎದುರಾಳಿಗೆ. ‘ವಾದಿಯ ಅನುಭೋಗಕ್ಕೆ ತೊಂದರೆ ಕೊಡುವುದಿಲ್ಲ’ ಎಂದಷ್ಟೇ ಬರೆದುಕೊಟ್ಟವನನ್ನು ನಿಂದನೆಯಲ್ಲಿ ಹಿಡಿಯುವುದು ಬಹಳ ಕಷ್ಟ. ಯಾವುದು ತೊಂದರೆ, ಯಾವುದು ಅನುಭೋಗ, ಎಲ್ಲಿಂದ ಎಲ್ಲಿಗೆ ಎಂಬ ಚರ್ಚೆಯಲ್ಲೇ ಅರ್ಜಿ ಮುಗಿಯುತ್ತದೆ.

ಮುಚ್ಚಳಿಕೆ ಯಾರಿಗೆ ಕೊಟ್ಟದ್ದು ಎಂಬುದೂ ಅಷ್ಟೇ ಮುಖ್ಯ. ಉಭಯ ಪಕ್ಷಗಳು ತಮ್ಮೊಳಗೆ ಒಪ್ಪಿಕೊಂಡದ್ದು ಬೇರೆ, ಕೋರ್ಟಿಗೆ ಮಾತು ಕೊಟ್ಟದ್ದು ಬೇರೆ. ರಾಜಿ ಆದೇಶ ಇದ್ದ ಮಾತ್ರಕ್ಕೆ ಮುಚ್ಚಳಿಕೆ ಇದೆ ಎಂದು ಊಹಿಸಿಕೊಳ್ಳಲಾಗದು, ಅದು ಪ್ರಮಾಣಪತ್ರದಲ್ಲೋ ಆದೇಶದಲ್ಲೋ ಸ್ಪಷ್ಟವಾಗಿ ಕಾಣಬೇಕು ಎಂದು ಸುಪ್ರೀಂ ಕೋರ್ಟು 1979ರ ಬಾಬುರಾಮ್ ಗುಪ್ತಾ ಪ್ರಕರಣದಲ್ಲಿ ಹೇಳಿತು. 2006ರ ರಮಾ ನಾರಂಗ್ ಪ್ರಕರಣದಲ್ಲಿ ರಾಜಿಯ ಷರತ್ತುಗಳ ಜೊತೆ ಮುಚ್ಚಳಿಕೆಯೂ ಆದೇಶದೊಳಗೆ ಸೇರಿತ್ತು. ಅಮಲ್ಜಾರಿಯ (ಡಿಕ್ರಿಯನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವ) ದಾರಿ ಇದ್ದರೂ ನಿಂದನೆಯ ಅರ್ಜಿ ನಿಲ್ಲುತ್ತದೆ ಎಂದಾಯಿತು. ಎರಡನ್ನೂ ಜೊತೆಗಿಟ್ಟು ಓದಿದರೆ ಟೈಪು ಮಾಡುವವನು ಏನು ಬರೆಯಬೇಕೆಂದು ತಿಳಿಯುತ್ತದೆ: ‘ಪ್ರತಿವಾದಿ ಈ ನ್ಯಾಯಾಲಯಕ್ಕೆ ಈ ಮೂಲಕ ಮುಚ್ಚಳಿಕೆ ಕೊಡುತ್ತಾನೆ’ ಎಂಬ ಮಾತು ಅದೇ ರೂಪದಲ್ಲಿ ಇರಬೇಕು, ‘ನ್ಯಾಯಾಲಯ ಅದನ್ನು ಅಂಗೀಕರಿಸಿದೆ’ ಎಂಬುದು ಆದೇಶದಲ್ಲಿ ಬರಬೇಕು. ನಮ್ಮ ಕೈಗೆ ಬರುವ ಎಷ್ಟೋ ಮೆಮೊಗಳಲ್ಲಿ ಇವೆರಡೂ ಇರುವುದಿಲ್ಲ.

ಇನ್ನೊಂದು ತೊಡಕು ವಕೀಲರಿಗೆ ಗೊತ್ತಿರುವಂಥದ್ದೇ, ಆದರೂ ನಡೆದುಕೊಂಡು ಬಂದಿದೆ. ತಡೆಯಾಜ್ಞೆ ಮೀರಿದವನ ಆಸ್ತಿ ಜಪ್ತಿ ಮಾಡಲು, ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ (ಸಂಹಿತೆಯಲ್ಲಿ ಅಧ್ಯಾಯಕ್ಕೆ ಇರುವ ಹೆಸರು) 2ಎ ನಿಯಮ ಅದೇ ಕೋರ್ಟಿಗೆ ಅಧಿಕಾರ ಕೊಟ್ಟಿದೆ. ಎರ್ನಾಕುಳಂಗೆ ಓಡಬೇಕಿಲ್ಲ. ಆದರೆ ಆ ನಿಯಮ ಹಿಡಿದುಕೊಳ್ಳುವುದು 1 ಮತ್ತು 2ನೇ ನಿಯಮದಡಿ ಹೊರಟ ತಡೆಯಾಜ್ಞೆ ಅಥವಾ ಆದೇಶವನ್ನು. ‘ಮುಚ್ಚಳಿಕೆ ದಾಖಲಾಗಿದೆ, ಅರ್ಜಿ ಮುಕ್ತಾಯ’ ಎಂದು ಮುಗಿಸಿದ ಕಡತದಲ್ಲಿ ತಡೆಯಾಜ್ಞೆ ಎಲ್ಲಿದೆ? ಎದುರು ವಕೀಲರು ಮೊದಲು ಕೇಳುವುದೇ ಇದನ್ನು. ‘ಮುಚ್ಚಳಿಕೆಯನ್ನು ಅಂಗೀಕರಿಸಿ, ಅದೇ ಷರತ್ತುಗಳಂತೆ ದಾವೆ ಮುಗಿಯುವವರೆಗೆ ತಡೆಯಾಜ್ಞೆ ನೀಡಲಾಗಿದೆ’ ಎಂದು ಒಂದೂವರೆ ಸಾಲು ಹೆಚ್ಚು ಬರೆಸಿಕೊಂಡರೆ ವಾದಿಯ ಕೈಯಲ್ಲಿ ಊರಿನದೂ ಹೈಕೋರ್ಟಿನದೂ ಎರಡೂ ಮದ್ದು ಉಳಿಯುತ್ತವೆ. ಪ್ರತಿವಾದಿ ಪ್ರಾಮಾಣಿಕನಾಗಿದ್ದರೆ ಇದಕ್ಕೆ ತಕರಾರು ಮಾಡಲು ಕಾರಣವಿಲ್ಲ. ತಕರಾರು ಮಾಡಿದರೆ ಅವನ ಮನಸ್ಸಿನಲ್ಲೇನಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ನೆಲದ ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಯಾರು, ಪಡ್ರೆ ಕಡೆಗಳಲ್ಲಿ ಅಡಿಕೆ ತೋಟಕ್ಕೂ ಮನೆಗೂ ಸುರಂಗದ ನೀರು, ಅಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಿಲದ ನೀರು. ಸುರಂಗದ ಬಾಯಿ ಒಬ್ಬನ ಜಾಗದಲ್ಲಿ, ಅದು ಗುಡ್ಡದೊಳಗೆ ಹೋಗಿ ಮುಗಿಯುವುದು ಇನ್ನೊಬ್ಬನ ಜಾಗದ ಅಡಿಯಲ್ಲಿ. ಮೇಲೆ ನಿಂತು ನೋಡಿದರೆ ಗೇರುಮರ, ಮುಳಿಹುಲ್ಲು ಬಿಟ್ಟರೆ ಏನೂ ಕಾಣದು. ‘ಸುರಂಗದ ನೀರಿಗೆ ಅಡ್ಡಿ ಮಾಡುವುದಿಲ್ಲ’ ಎಂದು ಮುಚ್ಚಳಿಕೆ ಕೊಟ್ಟವನು ಬಾಯಿಯ ಹತ್ತಿರ ಸುಳಿಯುವುದೂ ಇಲ್ಲ. ತನ್ನ ಜಾಗದಲ್ಲಿ ಮನೆಗೆ ಸಮತಟ್ಟು ಮಾಡಲೆಂದು ಗುಡ್ಡ ತಗ್ಗಿಸುತ್ತಾನೆ, ಇಲ್ಲವೇ ಬೋರು ಹೊಡೆಸುತ್ತಾನೆ. ಮೇಲಿನ ಮುರಕಲ್ಲಿನ ಗಟ್ಟಿ ಪದರ ಹೋದರೆ ಅದರ ಕೆಳಗಿನ ಜೇಡಿಗೆ ಹಿಡಿತವಿಲ್ಲ. ಮಳೆ ಹಿಡಿದಾಗ ಸುರಂಗದ ಮಾಡು ಕುಸಿಯುತ್ತದೆ, ನೀರು ಮೊದಲು ಕೆಂಪಾಗಿ ಬರುತ್ತದೆ, ಆಮೇಲೆ ನಿಲ್ಲುತ್ತದೆ. ‘ನಾನು ಮುಟ್ಟಲೇ ಇಲ್ಲ, ನನ್ನ ಜಾಗದಲ್ಲಿ ನಾನು ಕೆಲಸ ಮಾಡಿದೆ’ ಎಂದು ಅವನು ಪ್ರಮಾಣಪತ್ರ ಹಾಕಿದರೆ, ಆ ಮುಚ್ಚಳಿಕೆಯ ಅಕ್ಷರಕ್ಕೆ ಅದು ಸರಿಯೇ!

ಇದೇ ಮುಚ್ಚಳಿಕೆಯನ್ನು ಬೇರೆ ರೀತಿ ಬರೆಯಬಹುದಿತ್ತು. ಬಾಯಿ ಇರುವ ಸರ್ವೆ ನಂಬರ್. ಬಾಯಿಯಿಂದ ಕೊನೆಯವರೆಗೆ ಹಗ್ಗ ಹಿಡಿದು ಅಳೆದ ಉದ್ದ. ದಿಕ್ಸೂಚಿಯಲ್ಲಿ ನೋಡಿದ ದಿಕ್ಕು, ಅದು ತಿರುಗುವ ಜಾಗಗಳು. ಗಾಳಿಕಿಂಡಿ ಇದ್ದರೆ ಅದರ ಸ್ಥಾನ. ಇಷ್ಟನ್ನು ಮೇಲಿನ ನೆಲಕ್ಕೆ ತಂದು ಗುರುತು ಕಲ್ಲು ಹಾಕಿ, ಆ ಗೆರೆಯ ಎರಡೂ ಬದಿಗೆ ಇಂತಿಷ್ಟು ಮೀಟರ್ ಒಳಗೆ ಅಗೆಯುವುದು, ಮಣ್ಣು ತೆಗೆಯುವುದು, ಬೋರು ಕೊರೆಯುವುದು, ಭಾರದ ವಾಹನ ಓಡಿಸುವುದು ಇಲ್ಲ ಎಂದು ಬರೆಯಬೇಕು. ನೀರಿನ ಪ್ರಮಾಣವನ್ನೂ ದಾಖಲಿಸಬೇಕು. 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಮಾರ್ಚಿಯಲ್ಲಿ ಒಮ್ಮೆ, ಮಳೆಗೆ ಮುಂಚೆ ಮೇಯಲ್ಲಿ ಒಮ್ಮೆ ಅಳೆದು ಬರೆದಿಟ್ಟರೆ ಸಾಕು. ಅದೇ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ವಕೀಲ ಕಮಿಷನರನ್ನು (ಜಾಗ ನೋಡಿ ವರದಿ ಕೊಡಲು ಕೋರ್ಟು ನೇಮಿಸುವ ವಕೀಲರನ್ನು) ಸರ್ವೆಯರ್ ಜೊತೆ ಕಳಿಸಿದರೆ ಇದೆಲ್ಲ ಒಂದು ಹಗಲಿನ ಕೆಲಸ. ಮುಚ್ಚಳಿಕೆ ಮುರಿದ ಮೇಲೆ ಕಮಿಷನ್ ಕೇಳುವುದು ರೂಢಿ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ದಾರಿಯ ತಕರಾರಾದರೆ ಅಗಲವನ್ನು ಒಂದೇ ಕಡೆ ಅಳೆಯಬೇಡಿ. ಆರಂಭ, ತಿರುವು, ಕೊನೆ ಮೂರೂ ಕಡೆ ಅಳೆದು, ನಡೆದಾರಿಯೋ ರಿಕ್ಷಾ ಹೋಗುವುದೋ, ಗೇಟು ಹಾಕಬಹುದೋ, ಬೀಗದ ಕೀ ಯಾರಲ್ಲಿ ಎಂಬುದನ್ನೂ ಹೇಳಬೇಕು. ಗಡಿಯ ವಿಷಯದಲ್ಲಿ ‘ಹಳೆಯ ಅಗಳು’ (ಕಂದಕ), ‘ಈಗಿರುವ ದರೆ’ (ಮಣ್ಣಿನ ಏರು) ಎಂದು ಬರೆದರೆ ನಾಳೆ ಜೆಸಿಬಿ ಬಂದು ಅಗಳೂ ದರೆಯೂ ಸಮವಾಗುತ್ತವೆ. ಸರ್ವೆ ಕಲ್ಲಿನಿಂದಲೋ ಬಾವಿಯ ಕಟ್ಟೆಯಿಂದಲೋ ಮೀಟರ್ ಲೆಕ್ಕದ ದೂರ ಬೇಕು. ಡಿಜಿಟಲ್ ಸರ್ವೆಯಾದ ಗ್ರಾಮಗಳಲ್ಲಿ ಹಳೆಯ ನಂಬರ್ ಜೊತೆ ಹೊಸ ನಂಬರೂ ಇರಲಿ. ರಾಜಿಯಲ್ಲಿ ದಾವೆಯ ಷೆಡ್ಯೂಲಿನಲ್ಲಿ ಇಲ್ಲದ ಜಾಗವನ್ನು ಬಿಟ್ಟುಕೊಡುವುದಾದರೆ ನೋಂದಣಿ ಕಾಯ್ದೆಯ 17(2)(vi) ನೆನಪಿರಲಿ, ಅಂಥ ಡಿಕ್ರಿಗೆ ನೋಂದಣಿ ಬೇಕು.

ಪರಭಾರೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಯ ಕಥೆ ಬೇರೆ. ‘ಮಾರುವುದಿಲ್ಲ’ ಎಂದು ಬರೆದುಕೊಟ್ಟವನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡುತ್ತಾನೆ, ಆಕೆ ಮಾರುತ್ತಾಳೆ. ಹಾಗಾಗಿ ಮಾರಾಟ, ದಾನ, ಅಡವು, ಗೇಣಿ, ಭಾಗಪತ್ರ, ಮಾರಾಟದ ಕರಾರು, ಮುಕ್ತ್ಯಾರು (ಪವರ್ ಆಫ್ ಅಟಾರ್ನಿ) ಎಲ್ಲವನ್ನೂ ಹೆಸರು ಹಿಡಿದು ಬರೆಯಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮು ದಾವೆ ನಡೆಯುವಾಗ ಕೊಂಡವನನ್ನು ಡಿಕ್ರಿಗೆ ಬಗ್ಗಿಸುತ್ತದೆ, ಆದರೆ ಆ ಆಧಾರ ತಾನಾಗಿ ರದ್ದಾಗುವುದಿಲ್ಲ. 2023ರಲ್ಲಿ ಗುಜರಾತಿನ ಒಂದು ಜಮೀನು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಕ್ಷಿದಾರನ ಪರವಾಗಿ ವಕೀಲ ಕೊಟ್ಟ ಮಾತೂ ಕಕ್ಷಿದಾರನನ್ನು ಕಟ್ಟುತ್ತದೆ, ಅದನ್ನು ಮುರಿದು ಮಾಡಿದ ಕ್ರಯಗಳನ್ನು ನಿಂದನೆಯ ವಿಚಾರಣೆಯಲ್ಲೇ ಇಲ್ಲವಾಗಿಸಬಹುದು ಎಂದಿತು. ತಪ್ಪಿತಸ್ಥ ತನ್ನ ತಪ್ಪಿನ ಫಲ ಉಣ್ಣಬಾರದು ಎಂಬುದು ಅದರ ತಿರುಳು. ವಕೀಲ ಮಹನೀಯರಲ್ಲಿ ವಿನಂತಿ: ಕಕ್ಷಿದಾರನ ಲಿಖಿತ ಸೂಚನೆ ಇಲ್ಲದೆ ಬಾಯಿಮಾತಿನ ಮುಚ್ಚಳಿಕೆ ಕೊಡಬೇಡಿ. ಆಮೇಲೆ ‘ವಕೀಲರು ಹೇಳಿದ್ದು, ನನಗೆ ಗೊತ್ತಿಲ್ಲ’ ಎಂದು ಅವನು ಜಾರಿಕೊಳ್ಳುವುದು ನಿಮ್ಮ ಮೇಲೆಯೇ.

ಕೊಳ್ಳಲು ಬರುವ ಮೂರನೆಯವನಿಗೆ ಈ ಮುಚ್ಚಳಿಕೆ ಇರುವುದು ತಿಳಿಯುವುದಾದರೂ ಹೇಗೆ? ಆಧಾರ ಬರೆಯುವ ಮುನ್ನ ನಾವು ಬಾಧ್ಯತಾ ಪತ್ರ ತೆಗೆಸುತ್ತೇವೆ, ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಬರುತ್ತವೆ, ಕೋರ್ಟಿನ ಮೆಮೊ ಬರುವುದಿಲ್ಲ. ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಜೋಡಿಸುವ ‘ಎಂಡೆ ಭೂಮಿ’ ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಮೊದಲು ಆರಂಭವಾದದ್ದು ನಮ್ಮದೇ ಜಿಲ್ಲೆಯ ಉಜಾರು ಉಳುವಾರು ಗ್ರಾಮದಲ್ಲಿ. ಪರಭಾರೆಗೆ ಸಂಬಂಧಿಸಿದ ಮುಚ್ಚಳಿಕೆ ಅಂಗೀಕಾರವಾದ ಕೂಡಲೇ ಆದೇಶದ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೂ ಗ್ರಾಮ ಕಚೇರಿಗೂ ಹೋಗಿ, ಆ ತಂಡಪೇರಿನ (ಗ್ರಾಮ ಕಚೇರಿಯ ಭೂಕಂದಾಯ ಖಾತೆಯ) ಎದುರು ಒಂದು ಷರಾ ಬೀಳುವಂತಾದರೆ ಅಮಾಯಕ ಕೊಳ್ಳುವವನೂ ಉಳಿಯುತ್ತಾನೆ. ಅಂಥ ವ್ಯವಸ್ಥೆಗಾಗಿ ಪ್ರಾಧಿಕಾರ ಜಿಲ್ಲಾಧಿಕಾರಿಗಳೊಂದಿಗೆ ಮಾತಾಡಬೇಕು. ಅಲ್ಲಿಯವರೆಗೆ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳುವಂತೆ ವಾದಿಗಳಿಗೆ ವಕೀಲರು ಹೇಳಲಿ.

ಈಗ ಭಾಷೆಯ ವಿಷಯ. ಜಿಲ್ಲೆಯ ಉತ್ತರದ ಹಿರಿಯರಲ್ಲಿ ಅನೇಕರು ಓದಿದ್ದು ಕನ್ನಡ ಶಾಲೆಯಲ್ಲಿ, ಮನೆಮಾತು ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ. ಅವರು ಸಹಿ ಹಾಕುವ ಪ್ರಮಾಣಪತ್ರ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ. ಕೆಳಗೆ ‘ಓದಿ ವಿವರಿಸಲಾಗಿದೆ, ಅರ್ಥಮಾಡಿಕೊಂಡು ಸಹಿ ಹಾಕಿದ್ದಾರೆ’ ಎಂಬ ರಬ್ಬರ್ ಸ್ಟಾಂಪಿನ ಷರಾ. ಯಾರು ಓದಿದರು, ಯಾವ ಭಾಷೆಯಲ್ಲಿ ಎಂಬುದು ಅದರಲ್ಲಿ ಇರುವುದಿಲ್ಲ. ಇದರಿಂದ ಎರಡು ಕಡೆಯೂ ಪೆಟ್ಟು. ನಿಜಕ್ಕೂ ಅರ್ಥವಾಗದೆ ಸಹಿ ಹಾಕಿದ ಮುದುಕನೊಬ್ಬ ಹೈಕೋರ್ಟಿನ ನೋಟೀಸು ಹಿಡಿದು ಕಂಗಾಲಾಗುತ್ತಾನೆ. ಚೆನ್ನಾಗಿ ಅರ್ಥವಾಗಿದ್ದವನು ಭಾಷೆಯನ್ನೇ ಗುರಾಣಿ ಮಾಡಿಕೊಳ್ಳುತ್ತಾನೆ. ಅಂಗಡಿಯಲ್ಲಿ ಸರಾಗ ಮಲಯಾಳ ಮಾತಾಡಿ ಕೋರ್ಟಿನ ಕಟಕಟೆಯಲ್ಲಿ ಮಾತ್ರ ಅದನ್ನು ಮರೆಯುವವರು ನಮ್ಮಲ್ಲೂ ಇದ್ದಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಇಬ್ಬರಿಗೂ ಮದ್ದು ಒಂದೇ, ಸಹಿ ಹಾಕಿದ ಕನ್ನಡ ಪ್ರತಿ. ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಲು ಇಲ್ಲಿನ ಕನ್ನಡಿಗರಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ನಾವು ಕೋರ್ಟಿನ ಭಾಷೆ ಬದಲಿಸಿ ಎಂದು ಕೇಳುತ್ತಿಲ್ಲ. ಮುಚ್ಚಳಿಕೆಯ ಷರತ್ತುಗಳಷ್ಟನ್ನು ಕನ್ನಡದಲ್ಲೂ ಬರೆದು, ಕನ್ನಡ ಬಲ್ಲ ಪ್ಯಾರಾ ಲೀಗಲ್ ಸ್ವಯಂಸೇವಕರೊಬ್ಬರು ಓದಿ ಹೇಳಿ, ಅವರ ಹೆಸರು, ಸಹಿ, ಓದಿದ ಭಾಷೆ ಷರಾದಲ್ಲಿ ಬರಲಿ ಎನ್ನುತ್ತಿದ್ದೇವೆ. ಸ್ವಯಂಸೇವಕರ ಪಟ್ಟಿ ಪ್ರಾಧಿಕಾರದ ಕೈಯಲ್ಲೇ ಇದೆ.

ಗಲ್ಫಿನಲ್ಲಿರುವವರ ಪರವಾಗಿ ಮುಕ್ತ್ಯಾರುದಾರ ಸಹಿ ಹಾಕುವಾಗಲೂ ಇದೇ ಜಾಗ್ರತೆ ಬೇಕು. ಊರಲ್ಲಿರುವ ತಮ್ಮ ಮುಚ್ಚಳಿಕೆ ಕೊಡುತ್ತಾನೆ, ರಜೆಯಲ್ಲಿ ಬಂದ ಅಣ್ಣ ಗೋಡೆ ಕಟ್ಟಿಸುತ್ತಾನೆ, ‘ನನಗೆ ಯಾರೂ ಹೇಳಲಿಲ್ಲ’ ಎನ್ನುತ್ತಾನೆ. ನಿಂದನೆ ಮನುಷ್ಯನಿಗೆ ಅಂಟುವ ಹೊಣೆ, ಜಾಗಕ್ಕೆ ಅಂಟುವುದಲ್ಲ. ಅಣ್ಣನಿಗೆ ಗೊತ್ತಿತ್ತೆಂದು ತೋರಿಸಲು ಅವನದೇ ಒಪ್ಪಿಗೆ ಪತ್ರವೋ, ಅವನ ವಿಳಾಸಕ್ಕೆ ಆದೇಶದ ಪ್ರತಿ ಕಳಿಸಿದ ದಾಖಲೆಯೋ ಕಡತದಲ್ಲಿರಬೇಕು.

ಮುರಿಯುವವರು ಆರಿಸಿಕೊಳ್ಳುವ ಕಾಲವನ್ನು ಗಮನಿಸಿದ್ದೀರಾ? ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆ, ಓಣಂ ರಜೆ, ಶನಿವಾರ ಮಧ್ಯಾಹ್ನದ ನಂತರ. ಬೇಸಿಗೆ ಕಲ್ಲುಕಟ್ಟುವುದಕ್ಕೂ ಒಳ್ಳೆಯ ಕಾಲ, ಜೂನಿನ ಮಳೆ ಅಗೆದ ಗುರುತನ್ನು ತೊಳೆಯುವುದಕ್ಕೂ ಅನುಕೂಲ. ರಜಾ ಕಾಲದಲ್ಲಿ ತುರ್ತು ಅರ್ಜಿ ಎಲ್ಲಿ, ಯಾವ ದಿನ, ಹೇಗೆ ಕೊಡಬಹುದು ಎಂಬುದು ಗ್ರಾಮ ಕಚೇರಿ ಮತ್ತು ಪಂಚಾಯತಿನ ಫಲಕಗಳಲ್ಲಿ ಕನ್ನಡದಲ್ಲಿ ಇರಬೇಕು.

ನಿಂದನೆಯ ಅರ್ಜಿಗೆ 20ನೇ ಕಲಮಿನಂತೆ ಒಂದು ವರ್ಷದ ಗಡು. ಪೊಲೀಸ್ ಠಾಣೆ, ಪಂಚಾಯತಿಕೆ, ಊರಿನ ಹಿರಿಯರ ಮಾತು ಎಂದು ಆ ವರ್ಷ ಕಳೆಯುವುದು ಸಾಮಾನ್ಯ. ಗೋಡೆ ಇನ್ನೂ ನಿಂತಿದೆ, ಆದ್ದರಿಂದ ಉಲ್ಲಂಘನೆ ದಿನದಿನವೂ ನಡೆಯುತ್ತಿದೆ ಎಂಬ ವಾದವನ್ನು ನೆಚ್ಚಿ ಕೂರುವುದು ಅಪಾಯ. ವರ್ಷ ದಾಟಿದರೂ ಡಿಕ್ರಿ ಇದ್ದರೆ ಎಲ್ಲ ಮುಗಿಯಿತೆಂದಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 32ನೇ ನಿಯಮದಡಿ ಅಮಲ್ಜಾರಿ ಇದೆ. ಶಾಶ್ವತ ತಡೆಯಾಜ್ಞೆಯ ಡಿಕ್ರಿಯ ಅಮಲ್ಜಾರಿಗೆ ಕಾಲಮಿತಿಯೇ ಇಲ್ಲ, ಗೋಡೆ ಕೆಡವಬೇಕು ಎಂಬಂಥ ಕಡ್ಡಾಯ ಆಜ್ಞೆಗೆ ಮೂರು ವರ್ಷ. ಲೋಕ ಅದಾಲತಿನಲ್ಲಿ ಮುಗಿದ ರಾಜಿಗೂ ಇದೇ ದಾರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ ಅದಾಲತಿನ ತೀರ್ಮಾನ ಡಿಕ್ರಿಗೆ ಸಮ. ‘ಅದಾಲತಿನಲ್ಲಿ ಬರೆದುಕೊಟ್ಟಿದ್ದಾನೆ, ನಿಂದನೆ ಹಾಕೋಣ’ ಎಂದು ಹೊರಟವನಿಗೆ ಎದುರಾಗುವ ಮೊದಲ ಪ್ರಶ್ನೆ, ಮುಚ್ಚಳಿಕೆ ಕೊಟ್ಟದ್ದು ಯಾವ ಕೋರ್ಟಿಗೆ ಎಂಬುದು. ರಾಜಿ ಓದಿ ಹೇಳುವಾಗಲೇ ಜನರಿಗೆ ಇದನ್ನು ತಿಳಿಸಬೇಕು.

ಪುರಾವೆಯ ಬಗ್ಗೆ ಒಂದೇ ಮಾತು. ವಾಟ್ಸಾಪಿನಲ್ಲಿ ಹರಿದಾಡಿದ ವಿಡಿಯೋವನ್ನು ನಂಬಿ ಎರ್ನಾಕುಳಂಗೆ ಹೋಗಬೇಡಿ. ಮೂಲ ಫೋನನ್ನು ಹಾಗೇ ಇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎ ಮತ್ತು ಬಿ ಎಂಬ ಎರಡು ಭಾಗಗಳಿವೆ, ಬಿ ಭಾಗ ತಜ್ಞರದು, ವಿಡಿಯೋ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿದೆಯೇ ಎಂದು ಪರೀಕ್ಷಿಸುವ ಗುರುತಿನ ಸಂಕೇತವನ್ನು) ಅದರಲ್ಲಿ ನಮೂದಿಸಬೇಕು.

ಕ್ಷಮೆಯ ವಿಷಯದಲ್ಲೂ ಒಂದು ಬೇಡಿಕೆಯಿದೆ. ನಿಂದನೆ ಕಾಯ್ದೆಯ 12ನೇ ಕಲಮು ಪ್ರಾಮಾಣಿಕ ಕ್ಷಮೆಗೆ ಬಾಗಿಲು ತೆರೆದಿಟ್ಟಿದೆ, ಅದು ಸರಿಯೇ. ಆದರೆ ಗೋಡೆ ಹಾಗೇ ನಿಂತಿರುವಾಗ ‘ನಿಶ್ಶರತ್ತಾಗಿ ಕ್ಷಮೆ ಕೇಳುತ್ತೇನೆ’ ಎಂಬ ಎರಡು ಪ್ಯಾರಾದ ಪ್ರಮಾಣಪತ್ರ ಬಂದರೆ, ವಾದಿಯ ವಕೀಲರು ಮೊದಲು ಜಾಗವನ್ನು ಹಿಂದಿನ ಸ್ಥಿತಿಗೆ ತರಿಸಿ ಕಮಿಷನರ್ ವರದಿ ಪಡೆದ ಮೇಲೆಯೇ ಕ್ಷಮೆಯ ಮಾತು ಎಂದು ಒತ್ತಾಯಿಸಬೇಕು.

ಪ್ರಾಧಿಕಾರದ ಅಧ್ಯಕ್ಷರಲ್ಲಿ ನಮ್ಮ ಕೋರಿಕೆ: ಮುಚ್ಚಳಿಕೆಗೆ ಇಂಗ್ಲಿಷ್, ಮಲಯಾಳ, ಕನ್ನಡ ಮೂರರಲ್ಲೂ ಒಂದು ಮಾದರಿ ನಮೂನೆ ಸಿದ್ಧಪಡಿಸಿ. ಗಡಿ, ದಾರಿ, ನೀರು, ಪರಭಾರೆ ನಾಲ್ಕಕ್ಕೂ ಬೇರೆ ಬೇರೆ ಷೆಡ್ಯೂಲ್ ಇರಲಿ, ಸ್ಕೆಚ್ಚಿಗೆ ಖಾಲಿ ಪುಟ ಇರಲಿ. ಮಧ್ಯಸ್ಥಿಕೆ ಮತ್ತು ಅದಾಲತಿನಲ್ಲಿ ಅದನ್ನು ಮೊದಲು ಬಳಕೆಗೆ ತನ್ನಿ. ಕನ್ನಡ ಕರಡನ್ನು ಸಂಬಳವಿಲ್ಲದೆ ಬರೆದುಕೊಡಲು ನಾವು ತಯಾರಿದ್ದೇವೆ. ಮುಂದಿನ ಬೇಸಿಗೆ ರಜೆಗೆ ಮುಂಚೆ ಈ ಕೆಲಸ ಆಗಬೇಕು.

ಇತಿ ತಮ್ಮ ವಿಶ್ವಾಸಿಗಳು,
ಗಡಿನಾಡಿನ ಕೆಲವು ಆಧಾರ ಬರಹಗಾರರು ಮತ್ತು ವಕೀಲ ಗುಮಾಸ್ತರು
ಬದಿಯಡ್ಕ, ಕಾಸರಗೋಡು ಜಿಲ್ಲೆ